ಸ್ನಿಗ್ಧತೆಯ ಅಳತೆ: ಪ್ರಶ್ನೆ ಮೊದಲು, ಉಪಕರಣ ಆಮೇಲೆ



ದ್ರವಗಳ ಸ್ನಿಗ್ಧತೆಯನ್ನು ಅಳೆಯುವುದು ಹೇಗೆ, ಅದಕ್ಕೆ ತಕ್ಕ ವಿಸ್ಕೋಮೀಟರನ್ನು ಆರಿಸುವುದು ಹೇಗೆ ಎಂಬುದು ಈ ವರ್ಷದ ಉಪನ್ಯಾಸಕ್ಕೆ ನಾನು ಆರಿಸಿಕೊಂಡ ವಿಷಯ. ಮೇಲುನೋಟಕ್ಕೆ ಇದು ಪ್ರಯೋಗಾಲಯದೊಳಗಿನವರ ಮಾತು ಅನ್ನಿಸೀತು. ಆದರೆ ರಸ್ತೆಗೆ ಹಾಕುವ ಡಾಂಬರು, ಬೈಕಿನ ಎಂಜಿನ್ ಆಯಿಲ್, ಗೋಡೆಗೆ ಬಳಿಯುವ ಬಣ್ಣ, ಮಕ್ಕಳಿಗೆ ಕುಡಿಸುವ ಔಷಧದ ಸಿರಪ್, ನಮ್ಮ ಮೈಯಲ್ಲಿ ಹರಿಯುವ ರಕ್ತ, ಇವೆಲ್ಲ ತಮ್ಮ ಕೆಲಸವನ್ನು ಸರಿಯಾಗಿ ಮಾಡುತ್ತವೆಯೋ ಇಲ್ಲವೋ ಎಂಬುದು ಬಹುಮಟ್ಟಿಗೆ ಅವು ಹರಿಯುವ ರೀತಿಯನ್ನು ಅವಲಂಬಿಸಿದೆ. ಹೀಗಿದ್ದರೂ ವಿಸ್ಕೋಮೀಟರ್ ಕೊಳ್ಳುವಾಗ ನಮ್ಮ ಕಾಲೇಜುಗಳಲ್ಲೂ ಸಣ್ಣ ಕೈಗಾರಿಕೆಗಳಲ್ಲೂ ಮೊದಲು ತೆರೆಯುವುದು ಉಪಕರಣಗಳ ಬೆಲೆಪಟ್ಟಿ. ಯಾವುದು ಅಗ್ಗ, ಯಾವುದು ಹೊಸದು, ಯಾವುದರ ಪರದೆಯಲ್ಲಿ ಹೆಚ್ಚು ಅಂಕಿಗಳು ಮೂಡುತ್ತವೆ ಎಂದು ನೋಡಿ ತೀರ್ಮಾನಿಸುತ್ತೇವೆ. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ಸ್ನಿಗ್ಧತೆ ಎಂದರೆ ಯಾವ ಉಷ್ಣತೆಯಲ್ಲಿ, ಎಷ್ಟು ರಭಸದ ಹರಿವಿನಲ್ಲಿ, ಯಾವ ಪೂರ್ವಸ್ಥಿತಿಯಿಂದ ಎಂದು ನಾವು ಕೇಳುವ ಪ್ರಶ್ನೆಗೆ ದ್ರವ ಕೊಡುವ ಉತ್ತರ. ಪ್ರಶ್ನೆ ಬದಲಾದರೆ ಉತ್ತರ ಬದಲಾಗುತ್ತದೆ. ಆದ್ದರಿಂದ ಆ ದ್ರವ ಮುಂದೆ ಮಾಡಬೇಕಾದ ಕೆಲಸವನ್ನು ಮೊದಲು ಗೊತ್ತುಮಾಡಿಕೊಂಡು, ಆ ಕೆಲಸದ ಸ್ಥಿತಿಯನ್ನೇ ಪ್ರಯೋಗಾಲಯದಲ್ಲಿ ಒದಗಿಸುವ ಉಪಕರಣವನ್ನು ಆರಿಸಬೇಕು.

ಮೂಲದಿಂದ ಶುರುಮಾಡೋಣ. 1687ರಲ್ಲಿ ಪ್ರಕಟವಾದ ‘ಪ್ರಿನ್ಸಿಪಿಯಾ’ದ ಎರಡನೆಯ ಭಾಗದಲ್ಲಿ ನ್ಯೂಟನ್ ಒಂದು ಊಹೆಯನ್ನು ಮುಂದಿಟ್ಟ: ದ್ರವದ ಭಾಗಗಳು ಒಂದರ ಮೇಲೊಂದು ಸರಿಯುವಾಗ ಎದುರಾಗುವ ಪ್ರತಿರೋಧವು ಅವು ಸರಿಯುವ ವೇಗಕ್ಕೆ ಅನುಪಾತದಲ್ಲಿರುತ್ತದೆ. ಎರಡು ಸಮಾನಾಂತರ ಫಲಕಗಳ ನಡುವೆ ತೆಳುವಾದ ದ್ರವದ ಪದರವಿದೆ ಎಂದುಕೊಳ್ಳಿ. ಕೆಳಗಿನದನ್ನು ಹಿಡಿದಿಟ್ಟು ಮೇಲಿನದನ್ನು ಎಳೆಯಲು ಪ್ರತಿ ಚದರ ಮೀಟರಿಗೆ ಬೇಕಾಗುವ ಬಲ ಒಂದು ಕಡೆ. ಮೇಲಿನ ಫಲಕದ ವೇಗವನ್ನು ನಡುವಿನ ಅಂತರದಿಂದ ಭಾಗಿಸಿದಾಗ ಸಿಗುವ ಶಿಯರ್ ದರ ಇನ್ನೊಂದು ಕಡೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸ್ನಿಗ್ಧತೆ. ಅದರ ಏಕಮಾನ ಪಾಸ್ಕಲ್ ಸೆಕೆಂಡ್. ನೀರಿನ ಸ್ನಿಗ್ಧತೆ ಕೋಣೆಯ ಉಷ್ಣತೆಯಲ್ಲಿ ಇದರ ಸಾವಿರದಲ್ಲೊಂದು ಭಾಗ, ಅಂದರೆ ಸುಮಾರು 1 ಮಿಲಿಪಾಸ್ಕಲ್ ಸೆಕೆಂಡ್. ಹಳೆಯ ಲೆಕ್ಕದಲ್ಲಿ 1 ಸೆಂಟಿಪಾಯ್ಸ್. ಶಿಯರ್ ದರ ಎಂಬ ಪರಿಕಲ್ಪನೆಯನ್ನು ಚೆನ್ನಾಗಿ ಹಿಡಿದುಕೊಂಡರೆ ಮುಂದಿನ ಮಾತೆಲ್ಲ ಸಲೀಸು. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಬ್ರಷ್ ಎಳೆದು ಗೋಡೆಗೆ 0.1 ಮಿಲಿಮೀಟರ್ ದಪ್ಪದ ಬಣ್ಣ ಬಳಿದರೆ ಶಿಯರ್ ದರ ಸೆಕೆಂಡಿಗೆ 10,000. ಸೆಕೆಂಡಿಗೆ 10 ಮೀಟರ್ ಓಡುವ ಪಿಸ್ಟನ್ ಮತ್ತು ಸಿಲಿಂಡರ್ ಗೋಡೆಯ ನಡುವೆ 10 ಮೈಕ್ರೊಮೀಟರ್ ಆಯಿಲ್ ಪದರವಿದ್ದರೆ ಅದು ಸೆಕೆಂಡಿಗೆ 10 ಲಕ್ಷ. ಡಬ್ಬಿಯಲ್ಲಿ ನಿಂತಿರುವ ಬಣ್ಣದೊಳಗೆ ಕಣಗಳು ತಳಕ್ಕಿಳಿಯುವಾಗ ಅದು 1ಕ್ಕಿಂತಲೂ ಎಷ್ಟೋ ಕಡಿಮೆ. ದಿನನಿತ್ಯದ ದ್ರವಗಳು ಕೆಲಸ ಮಾಡುವ ಹರವು ಇಷ್ಟು ದೊಡ್ಡದು.

ಉಷ್ಣತೆಯ ಪಾತ್ರ ಎಲ್ಲರಿಗೂ ಗೊತ್ತಿದ್ದರೂ ಅದರ ಪ್ರಮಾಣ ಎಷ್ಟೆಂದು ಬಹಳ ಜನ ಲೆಕ್ಕ ಹಾಕಿರುವುದಿಲ್ಲ. ನೀರಿನ ಸ್ನಿಗ್ಧತೆ 0 ಡಿಗ್ರಿಯಲ್ಲಿ 1.79 ಮಿಲಿಪಾಸ್ಕಲ್ ಸೆಕೆಂಡ್, 20 ಡಿಗ್ರಿಯಲ್ಲಿ 1.00, 25ರಲ್ಲಿ 0.89, 100 ಡಿಗ್ರಿಯಲ್ಲಿ 0.28. ಕೋಣೆಯ ಉಷ್ಣತೆಯ ಆಸುಪಾಸಿನಲ್ಲಿ ಒಂದು ಡಿಗ್ರಿ ಏರಿದರೆ ಶೇಕಡ 2ಕ್ಕೂ ಹೆಚ್ಚು ಇಳಿಕೆ. ನಮ್ಮ ಕಾಲೇಜು ಪ್ರಯೋಗಾಲಯಗಳಿಗೆ ಚಿರಪರಿಚಿತವಾದ ಹರಳೆಣ್ಣೆಯ ವಿಷಯದಲ್ಲಿ ಈ ಇಳಿಕೆ ಇನ್ನೂ ಕಡಿದು: 20 ಡಿಗ್ರಿಯಲ್ಲಿ ಹತ್ತಿರ ಹತ್ತಿರ 1 ಪಾಸ್ಕಲ್ ಸೆಕೆಂಡ್ ಇರುವುದು 30 ಡಿಗ್ರಿಗೆ ಬರುವಷ್ಟರಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಬೆಳಗಿನ ತಂಡ ಮಾಡಿದ ಪ್ರಯೋಗಕ್ಕೂ ಮಧ್ಯಾಹ್ನದ ತಂಡ ಮಾಡಿದ ಪ್ರಯೋಗಕ್ಕೂ ಉತ್ತರ ಹೊಂದದಿದ್ದರೆ ವಿದ್ಯಾರ್ಥಿಗಳ ಕೈಯನ್ನು ದೂರುವ ಮೊದಲು ಉಷ್ಣಮಾಪಕವನ್ನು ನೋಡಬೇಕು. ಗಾಜಿನ ಲೋಮನಾಳದ (ಬಹಳ ಕಿರಿದಾದ ಕೊಳವೆಯ) ವಿಸ್ಕೋಮೀಟರಿನಿಂದ ಪೆಟ್ರೋಲಿಯಂ ಉತ್ಪನ್ನಗಳನ್ನು ಅಳೆಯುವ ಅಂತರರಾಷ್ಟ್ರೀಯ ವಿಧಾನವು 15ರಿಂದ 100 ಡಿಗ್ರಿಯವರೆಗೆ ನೀರುತೊಟ್ಟಿಯ ಉಷ್ಣತೆ 0.02 ಡಿಗ್ರಿಗಿಂತ ಹೆಚ್ಚು ಆಚೀಚೆ ಆಗಕೂಡದು ಎನ್ನುವುದು ಈ ಕಾರಣಕ್ಕೆ. ವಿಸ್ಕೋಮೀಟರಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಉಷ್ಣತೆಯ ನಿಯಂತ್ರಣಕ್ಕೆ ತೆಗೆದಿಡದಿದ್ದರೆ ಉಳಿದ ಪಾಲು ವ್ಯರ್ಥ.

ಅಳತೆಯ ಇತಿಹಾಸದಲ್ಲಿ ಮೊದಲ ಗಟ್ಟಿ ಹೆಜ್ಜೆ ಲೋಮನಾಳದ್ದು. ಜರ್ಮನಿಯ ಎಂಜಿನಿಯರ್ ಹೇಗನ್ 1839ರಲ್ಲಿ, ಫ್ರಾನ್ಸಿನ ವೈದ್ಯ ಪ್ವಾಸೆಯ್ 1840ರ ದಶಕದ ಆರಂಭದಲ್ಲಿ, ಕಿರಿದಾದ ಕೊಳವೆಗಳಲ್ಲಿ ದ್ರವದ ಹರಿವನ್ನು ಅಳೆದು ಒಂದೇ ನಿಯಮಕ್ಕೆ ಬಂದರು: ಹರಿವಿನ ಪ್ರಮಾಣ ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿದೆ. ಈ ನಾಲ್ಕನೆಯ ಘಾತ ಅಳೆಯುವವರ ಪಾಲಿಗೆ ವರವೂ ಹೌದು, ಕಷ್ಟವೂ ಹೌದು. ತ್ರಿಜ್ಯದಲ್ಲಿ ಶೇಕಡ 1ರ ತಪ್ಪಾದರೆ ಉತ್ತರದಲ್ಲಿ ಶೇಕಡ 4ರ ತಪ್ಪು. ಹಾಗಾಗಿ ಕೊಳವೆಯ ಅಳತೆಗಳಿಂದ ನೇರವಾಗಿ ಸ್ನಿಗ್ಧತೆಯನ್ನು ಲೆಕ್ಕ ಹಾಕುವ ಗೋಜಿಗೆ ಯಾರೂ ಹೋಗುವುದಿಲ್ಲ. ಗೊತ್ತಿರುವ ದ್ರವವನ್ನು ಮೊದಲು ಹರಿಸಿ ಕೊಳವೆಯ ಸ್ಥಿರಾಂಕವನ್ನು ಕಂಡುಕೊಂಡು, ಆಮೇಲೆ ಗೊತ್ತಿಲ್ಲದ್ದನ್ನು ಹರಿಸುತ್ತಾರೆ. ಹೀಗೆ ಒಂದನ್ನು ಇನ್ನೊಂದಕ್ಕೆ ಹೋಲಿಸುವ ಸರಪಳಿಯ ಕೊನೆಯ ಕೊಂಡಿ ನೀರು. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಸ್ವಿಂಡೆಲ್ಸ್ ಮತ್ತು ಸಂಗಡಿಗರು ಸುಮಾರು ಎರಡು ದಶಕಗಳ ಕೆಲಸದ ಬಳಿಕ 1952ರಲ್ಲಿ 20 ಡಿಗ್ರಿಯ ನೀರಿಗೆ 1.0019 ಎಂಬ ಮೌಲ್ಯವನ್ನು ಪ್ರಕಟಿಸಿದರು. ಇಂದು ಒಪ್ಪಿತವಾಗಿರುವುದು 1.0016 ಮಿಲಿಪಾಸ್ಕಲ್ ಸೆಕೆಂಡ್. ಒಸ್ಟ್‌ವಾಲ್ಡ್, ಉಬ್ಬೆಲೋಡೆ ಮುಂತಾದ ಹೆಸರಿನ ಗಾಜಿನ ಕೊಳವೆಗಳು ಈ ಮೌಲ್ಯದ ಮೇಲೆ ನಿಂತಿವೆ. ಇವುಗಳಲ್ಲಿ ದ್ರವವನ್ನು ಹರಿಸುವುದು ಅದರದೇ ತೂಕವಾದ್ದರಿಂದ ನೇರವಾಗಿ ಸಿಗುವುದು ಚಲನ ಸ್ನಿಗ್ಧತೆ. ಅದನ್ನು ಸಾಂದ್ರತೆಯಿಂದ ಗುಣಿಸಬೇಕು. ಹರಿಯುವ ಕಾಲ 200 ಸೆಕೆಂಡಿಗಿಂತ ಕಡಿಮೆಯಾಗದಂತೆ ಕೊಳವೆಯನ್ನು ಆರಿಸಬೇಕು. ಇಲ್ಲವಾದರೆ ದ್ರವಕ್ಕೆ ವೇಗ ತುಂಬಲು ವ್ಯಯವಾದ ಶಕ್ತಿಯೂ ಸ್ನಿಗ್ಧತೆಯ ಲೆಕ್ಕದೊಳಗೆ ನುಸುಳುತ್ತದೆ.

ಇಷ್ಟೊಂದು ನಿಖರತೆ ಯಾರಿಗೆ ಬೇಕು ಎಂದು ಕೇಳುವವರಿಗೆ ಭೌತವಿಜ್ಞಾನದ ಒಂದು ಪ್ರಸಿದ್ಧ ಪ್ರಸಂಗ ಉತ್ತರ ಕೊಡುತ್ತದೆ. ರಾಬರ್ಟ್ ಮಿಲಿಕನ್ ಎಣ್ಣೆಹನಿಗಳು ಗಾಳಿಯಲ್ಲಿ ಬೀಳುವ ವೇಗವನ್ನು ಅಳೆದು ಎಲೆಕ್ಟ್ರಾನಿನ ವಿದ್ಯುದಾವೇಶವನ್ನು ಲೆಕ್ಕ ಹಾಕಿದರು. 1851ರಲ್ಲಿ ಸ್ಟೋಕ್ಸ್ ರೂಪಿಸಿದ, ಸ್ನಿಗ್ಧ ಮಾಧ್ಯಮದಲ್ಲಿ ಬೀಳುವ ಗೋಳದ ಸೂತ್ರವೇ ಆ ಲೆಕ್ಕದ ಅಡಿಪಾಯ. 1913ರಲ್ಲಿ ಅವರು ಪ್ರಕಟಿಸಿದ ಮೌಲ್ಯ ಇಂದಿನ ಮೌಲ್ಯಕ್ಕಿಂತ ಶೇಕಡ 0.6ರಷ್ಟು ಕಡಿಮೆ. ಹನಿಗಳನ್ನು ನೋಡುವುದರಲ್ಲಿ ದೊಡ್ಡ ತಪ್ಪಾಗಿರಲಿಲ್ಲ. ಅವರು ಬಳಸಿದ ಗಾಳಿಯ ಸ್ನಿಗ್ಧತೆ ನಿಜಕ್ಕಿಂತ ಸ್ವಲ್ಪ ಕಡಿಮೆಯಾಗಿತ್ತು, ಮತ್ತು ಆ ಲೆಕ್ಕದಲ್ಲಿ ಸ್ನಿಗ್ಧತೆ ಒಂದೂವರೆ ಘಾತದಲ್ಲಿ ಬರುವುದರಿಂದ ತಪ್ಪು ಉತ್ತರದಲ್ಲಿ ಹಿಗ್ಗಿತು. ಎಕ್ಸ್-ಕಿರಣಗಳ ಮೂಲಕ ಬೇರೆ ದಾರಿಯಲ್ಲಿ ಕಂಡುಕೊಂಡ ಮೌಲ್ಯದೊಂದಿಗೆ ಅದು ಹೊಂದದೆ, 1930ರ ದಶಕದಲ್ಲಿ ಗಾಳಿಯ ಸ್ನಿಗ್ಧತೆಯನ್ನು ಮತ್ತೆ ಅಳೆದ ಮೇಲೆ ಗೊಂದಲ ಬಗೆಹರಿಯಿತು. ಒಂದು ಮೂಲಭೂತ ಸ್ಥಿರಾಂಕ ಹಲವು ವರ್ಷ ತಪ್ಪಾಗಿ ನಿಂತದ್ದು ಒಂದು ಸ್ನಿಗ್ಧತೆಯ ಅಳತೆಯಿಂದ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ಇಲ್ಲಿಯವರೆಗೆ ಹೇಳಿದ್ದು ನ್ಯೂಟನ್ನನ ಊಹೆಗೆ ಒಪ್ಪುವ ವಿಧೇಯ ದ್ರವಗಳ ಮಾತು. ನೀರು, ಗ್ಲಿಸರಿನ್, ಹರಳೆಣ್ಣೆ ಈ ಸಾಲಿನವು. ಎಷ್ಟು ರಭಸದಿಂದ ಹರಿಸಿದರೂ ಅವುಗಳ ಸ್ನಿಗ್ಧತೆ ಬದಲಾಗದು. ಆದರೆ ಪ್ವಾಸೆಯ್ ಈ ಕೆಲಸಕ್ಕೆ ಇಳಿದದ್ದು ರಕ್ತದ ಹರಿವನ್ನು ಅರಿಯಲೆಂದು. ಹೊರತೆಗೆದ ರಕ್ತ ಹೆಪ್ಪುಗಟ್ಟುವುದರಿಂದ ಅವರು ನೀರಿನ ಮೇಲೆ ಪ್ರಯೋಗ ಮಾಡಿದರು, ಮತ್ತು ಅವರಿಗೆ ಸಿಕ್ಕ ಸೊಗಸಾದ ನಿಯಮ ರಕ್ತಕ್ಕೆ ಪೂರ್ತಿಯಾಗಿ ಒಗ್ಗುವುದಿಲ್ಲ. ಕಣಗಳನ್ನು ತೆಗೆದ ಪ್ಲಾಸ್ಮಾ ದೇಹದ ಉಷ್ಣತೆಯಲ್ಲಿ ಸುಮಾರು 1.2 ಮಿಲಿಪಾಸ್ಕಲ್ ಸೆಕೆಂಡಿನಷ್ಟಿದ್ದು ಹೆಚ್ಚುಕಡಿಮೆ ವಿಧೇಯ ದ್ರವದಂತೆ ನಡೆದುಕೊಳ್ಳುತ್ತದೆ. ಅದಕ್ಕೆ ಗಾಜಿನ ಲೋಮನಾಳ ಸಾಕು. ಇಡೀ ರಕ್ತ ರಭಸದಿಂದ ಹರಿಯುವಾಗ 3ರಿಂದ 4 ಇರುವುದು, ಹರಿವು ಬಹಳ ನಿಧಾನವಾದಾಗ ಕೆಂಪುಕಣಗಳು ಒಂದರ ಮೇಲೊಂದು ಜೋಡಿಕೊಂಡು ಸರಗಳಾಗಿ ಅನೇಕ ಪಟ್ಟು ಏರುತ್ತದೆ. ಹರಿವು ಮತ್ತೆ ಬಿರುಸಾದರೆ ಸರಗಳು ಒಡೆದು, ಕಣಗಳು ಹರಿವಿನ ದಿಕ್ಕಿಗೆ ಚಾಚಿಕೊಂಡು ಸ್ನಿಗ್ಧತೆ ಇಳಿಯುತ್ತದೆ. ಇಂಥ ದ್ರವವನ್ನು ಒಂದೇ ಶಿಯರ್ ದರದಲ್ಲಿ ಅಳೆದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ಚಪ್ಪಟೆ ಫಲಕದ ಮೇಲೆ ಅತಿ ಕಡಿಮೆ ಕೋನದ ಶಂಕು ತಿರುಗುವ ಉಪಕರಣ ಇಲ್ಲಿ ಸಲ್ಲುತ್ತದೆ, ಏಕೆಂದರೆ ನಡುವಿನ ದ್ರವದ ಎಲ್ಲ ಭಾಗವೂ ಒಂದೇ ಶಿಯರ್ ದರವನ್ನು ಅನುಭವಿಸುತ್ತದೆ. ವೇಗ ಬದಲಿಸುತ್ತ ಇಡೀ ವಕ್ರರೇಖೆಯನ್ನು ಪಡೆಯಬಹುದು. ಇದಕ್ಕೂ ಮಿಗಿಲಾದ ಸಾಕ್ಷ್ಯವನ್ನು ಸ್ವೀಡನ್ನಿನ ಫೋರಿಯಸ್ ಮತ್ತು ಲಿಂಡ್‌ಕ್ವಿಸ್ಟ್ 1931ರಲ್ಲಿ ಒದಗಿಸಿದರು. ಕೊಳವೆಯ ವ್ಯಾಸ 0.3 ಮಿಲಿಮೀಟರಿಗಿಂತ ಕಡಿಮೆಯಾದಂತೆ ಅದರಲ್ಲಿ ಹರಿಯುವ ರಕ್ತದ ತೋರಿಕೆಯ ಸ್ನಿಗ್ಧತೆಯೂ ಕಡಿಮೆಯಾಗುತ್ತದೆ, ಏಕೆಂದರೆ ಕಣಗಳು ನಡುವಿಗೆ ಸರಿದು ಗೋಡೆಯ ಬಳಿ ಪ್ಲಾಸ್ಮಾದ ತೆಳು ಪದರ ಉಳಿಯುತ್ತದೆ. ಉಪಕರಣದ ಗಾತ್ರವೇ ಉತ್ತರದ ಒಂದು ಭಾಗವಾಗುತ್ತದೆ ಎಂಬುದಕ್ಕೆ ಬೇರೆ ರುಜುವಾತು ಬೇಡ.

ಈಗ ಎಂಜಿನ್ ಆಯಿಲ್‌ಗೆ ಬರೋಣ. ಡಬ್ಬಿಯ ಮೇಲೆ ‘20ಡಬ್ಲ್ಯೂ-40’ ಎಂಬ ಬರಹವನ್ನು ನೀವೆಲ್ಲ ನೋಡಿದ್ದೀರಿ. ಅಮೆರಿಕದ ಆಟೊಮೊಟಿವ್ ಎಂಜಿನಿಯರುಗಳ ಸೊಸೈಟಿ ರೂಪಿಸಿದ ವರ್ಗೀಕರಣದಲ್ಲಿ ಈ ಒಂದು ಹೆಸರನ್ನು ಗಳಿಸಲು ಆಯಿಲ್ ನಾಲ್ಕು ಬಗೆಯ ಅಳತೆಗೆ ಒಳಗಾಗಬೇಕು. ಚಳಿಯಲ್ಲಿ ಎಂಜಿನ್ ತಿರುಗೀತೇ ಎಂದು ತಿಳಿಯಲು ಮೈನಸ್ 15 ಡಿಗ್ರಿಯಲ್ಲಿ ರಭಸದ ಹರಿವಿನ ಅಳತೆ. ಪಂಪಿಗೆ ಆಯಿಲ್ ಹರಿದು ಬಂದೀತೇ ಎಂದು ತಿಳಿಯಲು, ನಿಧಾನವಾಗಿ ತಂಪು ಮಾಡಿದ ಬಳಿಕ ಮೈನಸ್ 20 ಡಿಗ್ರಿಯಲ್ಲಿ ಮಂದ ಹರಿವಿನ ಅಳತೆ. ಕಾದ ಎಂಜಿನ್ನಿನ ಮಟ್ಟಕ್ಕೆ 100 ಡಿಗ್ರಿಯಲ್ಲಿ ಲೋಮನಾಳದ ಅಳತೆ, ಆ ಚಲನ ಸ್ನಿಗ್ಧತೆ 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕು; ಕೊನೆಗೆ ಬೇರಿಂಗಿನ ಸ್ಥಿತಿಗೆಂದು 150 ಡಿಗ್ರಿಯಲ್ಲಿ, ಸೆಕೆಂಡಿಗೆ 10 ಲಕ್ಷ ಶಿಯರ್ ದರದಲ್ಲಿ, ಕನಿಷ್ಠ 3.7 ಮಿಲಿಪಾಸ್ಕಲ್ ಸೆಕೆಂಡ್. ಲೋಮನಾಳದ ಅಳತೆಯೊಂದೇ ಏಕೆ ಸಾಲದು? ಆಯಿಲಿಗೆ ಬೆರೆಸುವ ಪಾಲಿಮರುಗಳ ಉದ್ದನೆಯ ಅಣುಗಳು ಮಂದ ಹರಿವಿನಲ್ಲಿ ಸುರುಳಿಯಾಗಿದ್ದು ದ್ರವವನ್ನು ಮಂದವಾಗಿಡುತ್ತವೆ. ಬೇರಿಂಗಿನ ಇಕ್ಕಟ್ಟಿನಲ್ಲಿ ಅವು ಚಾಚಿಕೊಂಡು ದ್ರವ ತೆಳ್ಳಗಾಗುತ್ತದೆ. ಗಾಜಿನ ಕೊಳವೆಯಲ್ಲಿ ಗೆದ್ದ ಆಯಿಲ್ ಲೋಹ ಲೋಹವನ್ನು ಉಜ್ಜುವ ಜಾಗದಲ್ಲಿ ಸೋಲಬಹುದು. ಮಂದ ಹರಿವಿನ ಅಳತೆಗೆ ನಿಧಾನವಾಗಿ ತಂಪು ಮಾಡಬೇಕೆಂಬ ಕಟ್ಟಳೆ ಬಂದದ್ದಕ್ಕೂ ಒಂದು ಕಾರಣವಿದೆ. 1980-81ರ ಚಳಿಗಾಲದಲ್ಲಿ ಅಮೆರಿಕದ ಸೌತ್ ಡಕೋಟಾ ರಾಜ್ಯದ ಸೂ ಫಾಲ್ಸ್‌ನಲ್ಲಿ ಎಂಜಿನ್ನುಗಳು ಕೆಟ್ಟವು. ಆಗ ಜಾರಿಯಲ್ಲಿದ್ದ ಪರೀಕ್ಷೆಗಳನ್ನು ದಾಟಿ ಬಂದ ಆಯಿಲ್, ನಿಧಾನವಾಗಿ ತಣಿದಾಗ ಒಳಗೆ ಮೇಣದ ಹರಳುಗಳು ಹೆಣೆದುಕೊಂಡು ಜೆಲ್ಲಿಯಂತಾಗಿ ಪಂಪಿನತ್ತ ಹರಿಯಲಿಲ್ಲ. ಪರೀಕ್ಷೆಯ ಉಷ್ಣತೆ ಸರಿಯಿತ್ತು. ಆ ಉಷ್ಣತೆಗೆ ಬಂದ ದಾರಿ ಬೇರೆಯಾಗಿತ್ತು. ಆನಂತರ ಸುಮಾರು ಎರಡು ದಿನ ಹಿಡಿಯುವ ತಂಪುಕ್ರಮವನ್ನು ಪರೀಕ್ಷೆಗೆ ಸೇರಿಸಲಾಯಿತು. ದ್ರವದ ಪೂರ್ವಸ್ಥಿತಿಯನ್ನು ಕಡೆಗಣಿಸಿದ ಅಳತೆಗೆ ಎಂಜಿನ್ನುಗಳು ತೆತ್ತ ಬೆಲೆ ಅದು.

ನಮ್ಮ ದೇಶದಲ್ಲೂ ಇಂಥದ್ದೇ ಒಂದು ತಿದ್ದುಪಡಿ ನಡೆದಿದೆ. ರಸ್ತೆಗೆ ಬಳಸುವ ಡಾಂಬರನ್ನು, ಅಂದರೆ ಬಿಟುಮೆನ್ನನ್ನು, ಬಹುಕಾಲ ಸೂಜಿ ಚುಚ್ಚಿ ವರ್ಗೀಕರಿಸುತ್ತಿದ್ದರು: 25 ಡಿಗ್ರಿಯಲ್ಲಿ 100 ಗ್ರಾಂ ಭಾರದ ಸೂಜಿ 5 ಸೆಕೆಂಡಿನಲ್ಲಿ ಎಷ್ಟು ಆಳಕ್ಕೆ ಇಳಿಯುತ್ತದೆ ಎಂಬುದೇ ದರ್ಜೆ. ಪರೀಕ್ಷೆ ಸರಳ, ಅಗ್ಗ, ಎಲ್ಲ ಕಡೆ ಮಾಡಬಹುದಾದದ್ದು. ಆದರೆ ರಸ್ತೆ ತಗ್ಗು ಬೀಳುವುದು, ಚಕ್ರದ ಜಾಡಿನಲ್ಲಿ ಕುಸಿಯುವುದು ಬೇಸಿಗೆಯ ಸುಡುಬಿಸಿಲಿನಲ್ಲಿ. ಕಲಬುರಗಿ, ರಾಯಚೂರಿನಂಥ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ರಸ್ತೆಯ ಮೈ ಎಷ್ಟು ಕಾಯುತ್ತದೆಂದು ಬರಿಗಾಲಲ್ಲಿ ನಡೆದವರು ಬಲ್ಲರು. 25 ಡಿಗ್ರಿಯಲ್ಲಿ ಸೂಜಿಗೆ ಸಮನಾಗಿ ಕಂಡ ಎರಡು ಬಿಟುಮೆನ್‌ಗಳು 60 ಡಿಗ್ರಿಯಲ್ಲಿ ಸಮನಾಗಿರಬೇಕಿಲ್ಲ. 2006ರಲ್ಲಿ ಭಾರತೀಯ ಮಾನಕ ಐಎಸ್ 73 ಪರಿಷ್ಕರಣೆಗೊಂಡಾಗ ವರ್ಗೀಕರಣದ ಆಧಾರವೇ ಬದಲಾಯಿತು; ವಿಜಿ-10, ವಿಜಿ-20, ವಿಜಿ-30, ವಿಜಿ-40 ಎಂಬ ಸ್ನಿಗ್ಧತೆಯ ದರ್ಜೆಗಳು ಬಂದವು. ವಿಜಿ-30ಕ್ಕೆ 60 ಡಿಗ್ರಿಯಲ್ಲಿ ಕನಿಷ್ಠ 2400 ಪಾಯ್ಸ್ ಇರಬೇಕು, 135 ಡಿಗ್ರಿಯಲ್ಲಿ ಚಲನ ಸ್ನಿಗ್ಧತೆ ಕನಿಷ್ಠ 350 ಸೆಂಟಿಸ್ಟೋಕ್ಸ್ ಇರಬೇಕು. ಮೊದಲನೆಯದು ಬಿಸಿಲಿನ ರಸ್ತೆಯ ಪ್ರಶ್ನೆ, ಎರಡನೆಯದು ಜಲ್ಲಿಯೊಂದಿಗೆ ಬೆರೆಸುವ ಹೊತ್ತಿನ ಪ್ರಶ್ನೆ. ಒಂದೇ ವಸ್ತು ಈ ಎರಡು ಉಷ್ಣತೆಗಳ ನಡುವೆ ಸುಮಾರು 700 ಪಟ್ಟು ಬದಲಾಗುತ್ತದೆ ಎಂಬುದನ್ನು ಗಮನಿಸಿ. ಅದಕ್ಕೆ ತಕ್ಕಂತೆ ಉಪಕರಣವೂ ಬದಲಾಗುತ್ತದೆ: 135 ಡಿಗ್ರಿಯಲ್ಲಿ ತನ್ನ ತೂಕದಿಂದಲೇ ಹರಿಯುವ ಬಿಟುಮೆನ್ನಿಗೆ ಸಾಮಾನ್ಯ ಲೋಮನಾಳ ಸಾಕು, 60 ಡಿಗ್ರಿಯಲ್ಲಿ ತೂಕ ಸಾಲದೆ, ನಿರ್ವಾತದಿಂದ ಎಳೆಯುವ ಲೋಮನಾಳ ಬೇಕು. ಸೂಜಿಯ ಪರೀಕ್ಷೆಯನ್ನು ಮಾನಕ ಕೈಬಿಟ್ಟಿಲ್ಲ ಎಂಬುದನ್ನೂ ಹೇಳಬೇಕು. 25 ಡಿಗ್ರಿಯ ಗಡಸುತನ ಇಂದಿಗೂ ಒಂದು ಷರತ್ತು. ಹಳೆಯ ಪ್ರಶ್ನೆ ತಪ್ಪಾಗಿರಲಿಲ್ಲ. ಅದೊಂದರಿಂದಲೇ ಎಲ್ಲ ಉತ್ತರ ಸಿಗುತ್ತದೆಂದು ನಂಬಿದ್ದು ತಪ್ಪು.

ನಮ್ಮ ಅಡುಗೆಮನೆಯ ಪಾಕದ ಪರೀಕ್ಷೆಯೂ ಕೆಲಸಕ್ಕೆ ತಕ್ಕ ಹರಿವಿನಲ್ಲೇ ಅಳೆಯಬೇಕೆಂಬ ತತ್ವದ ಮೇಲೆ ನಿಂತಿದೆ. ಒಂದೆಳೆ ಪಾಕವೋ ಎರಡೆಳೆ ಪಾಕವೋ ಎಂದು ನೋಡುವವರು ಹೆಬ್ಬೆರಳು ತೋರುಬೆರಳುಗಳ ನಡುವೆ ಪಾಕವನ್ನು ಎಳೆಯುತ್ತಾರೆ. ವಿಜ್ಞಾನದ ಮಾತಿನಲ್ಲಿ ಇದು ಪದರಗಳು ಸರಿಯುವ ಹರಿವಲ್ಲ, ಹಿಗ್ಗುವ ಹರಿವು. ಈ ಎರಡನೆಯ ಬಗೆಯ ಪ್ರತಿರೋಧವನ್ನು 1906ರಲ್ಲಿ ಟ್ರೌಟನ್ ಅಧ್ಯಯನ ಮಾಡಿ, ವಿಧೇಯ ದ್ರವಗಳಲ್ಲಿ ಅದು ಸಾಮಾನ್ಯ ಸ್ನಿಗ್ಧತೆಯ ಮೂರು ಪಟ್ಟು ಎಂದು ತೋರಿಸಿದರು. ಪಾಲಿಮರ್ ದ್ರಾವಣಗಳಲ್ಲಿ ಈ ಪಟ್ಟು ಎಷ್ಟೋ ಹೆಚ್ಚಾಗಬಲ್ಲದು. ಆದ್ದರಿಂದ ನೂಲಾಗಿ ಎಳೆಯಬೇಕಾದ ಕೃತಕ ನಾರಿನ ದ್ರವವನ್ನು ತಿರುಗುವ ಉಪಕರಣದಲ್ಲಷ್ಟೇ ಅಳೆದರೆ ಅದು ಎಳೆಯಾಗುವುದೋ ಹನಿಯಾಗಿ ತುಂಡಾಗುವುದೋ ತಿಳಿಯದು. ಎಳೆಯಬೇಕಾದದ್ದನ್ನು ಎಳೆದೇ ಪರೀಕ್ಷಿಸಬೇಕು.

ಈ ಸಾಕ್ಷ್ಯಗಳ ಬೆಳಕಿನಲ್ಲಿ ಆಯ್ಕೆಯ ಕ್ರಮವನ್ನು ಹೇಳುತ್ತೇನೆ. ಮೊದಲು ದ್ರವದ ಕೆಲಸವನ್ನು ಬರೆದುಕೊಂಡು, ಆ ಕೆಲಸದ ಉಷ್ಣತೆಯನ್ನೂ ಶಿಯರ್ ದರವನ್ನೂ ಅಂದಾಜು ಮಾಡಬೇಕು. ವೇಗವನ್ನು ಪದರದ ದಪ್ಪದಿಂದ ಭಾಗಿಸಿದರೆ ಹತ್ತು ಪಟ್ಟಿನ ಮಟ್ಟಿಗಾದರೂ ಅಂದಾಜು ಸಿಗುತ್ತದೆ. ಆಮೇಲೆ ದ್ರವ ವಿಧೇಯವೋ ಅಲ್ಲವೋ ಎಂದು ಎರಡು ಮೂರು ವೇಗಗಳಲ್ಲಿ ಪರೀಕ್ಷಿಸಬೇಕು. ವಿಧೇಯವಾಗಿದ್ದು ತಿಳಿಯಾಗಿದ್ದರೆ ಗಾಜಿನ ಲೋಮನಾಳಕ್ಕಿಂತ ನಿಖರವಾದುದು ಸುಲಭಕ್ಕೆ ಸಿಗದು. ಬಳಸಿದ ಎಂಜಿನ್ ಆಯಿಲ್‌ನಂಥ ಕಪ್ಪು ದ್ರವಕ್ಕೆ ಮೇಲ್ಮುಖವಾಗಿ ತುಂಬುವ ಕೊಳವೆಗಳಿವೆ. ಬೇಗ ಆವಿಯಾಗುವ ಪಾರದರ್ಶಕ ದ್ರವಕ್ಕೆ, ಮುಚ್ಚಿದ ಓರೆ ಕೊಳವೆಯಲ್ಲಿ ಗೋಲಿ ಉರುಳುವ ಉಪಕರಣ ಒಳ್ಳೆಯದು. ಸ್ಟೋಕ್ಸ್ ವಿಧಾನದಲ್ಲಿ ಗೋಲಿ ಬೀಳಿಸುವವರು ಗೋಡೆಯ ಪ್ರಭಾವವನ್ನು ಮರೆಯಬಾರದು: 40 ಮಿಲಿಮೀಟರ್ ಅಗಲದ ಜಾರಿನಲ್ಲಿ 2 ಮಿಲಿಮೀಟರ್ ಗೋಲಿ, ಅಪಾರ ದ್ರವದಲ್ಲಿ ಬೀಳುವುದಕ್ಕಿಂತ ಸುಮಾರು ಶೇಕಡ 10ರಷ್ಟು ನಿಧಾನವಾಗಿ ಬೀಳುತ್ತದೆ. ವಿಧೇಯವಲ್ಲದ ದ್ರವಕ್ಕೆ ತಿರುಗುವ ಉಪಕರಣಗಳೇ ಬೇಕು. ಶಂಕು-ಫಲಕದ ಉಪಕರಣಕ್ಕೆ ಮಾದರಿ ಬಹಳ ಸ್ವಲ್ಪ ಸಾಕು, ಆದರೆ ಶಂಕುವಿನ ತುದಿಯಲ್ಲಿ ಅಂತರ ಅತಿ ಕಿರಿದಾದ್ದರಿಂದ ದಪ್ಪ ಕಣಗಳಿರುವ ಹಿಟ್ಟಿಗೋ ಚಟ್ನಿಗೋ ಅದು ಸಲ್ಲದು. ಅಂತರವು ಕಣದ ಹತ್ತು ಪಟ್ಟಾದರೂ ಇರಬೇಕು ಎಂಬುದು ರೂಢಿಯ ನಿಯಮ. ಅಲ್ಲಿ ಒಂದರೊಳಗೊಂದು ಕೂರುವ ಸಿಲಿಂಡರುಗಳು ಅಥವಾ ರೆಕ್ಕೆಗಳ ಸ್ಪಿಂಡಲ್ ಬೇಕು. ಬೀಕರಿನಲ್ಲಿ ಸ್ಪಿಂಡಲ್ ಇಳಿಬಿಟ್ಟು ತಿರುಗಿಸುವ ಬ್ರೂಕ್‌ಫೀಲ್ಡ್ ಮಾದರಿಯ ಉಪಕರಣ ನಮ್ಮ ಕಾರ್ಖಾನೆಗಳಲ್ಲಿ ಹೆಚ್ಚು ಬಳಕೆಯಲ್ಲಿದೆ. ಅದರ ನಿಖರತೆಯನ್ನು ಪೂರ್ಣ ಮಾಪನದ ಶೇಕಡ 1 ಎಂದು ಹೇಳಿರುತ್ತಾರೆ. ಹಾಗಾದರೆ ಮುಳ್ಳು 10ರ ಗೆರೆಯಲ್ಲಿ ನಿಂತಾಗ ಓದಿದ ಅಂಕಿಯಲ್ಲಿ ಶೇಕಡ 10ರ ಸಂಶಯ, 80ರಲ್ಲಿ ನಿಂತಾಗ ಶೇಕಡ 1ರ ಸುತ್ತಮುತ್ತ. ಸ್ಪಿಂಡಲನ್ನು ಸರಿಯಾಗಿ ಬದಲಿಸಿದರೆ ಖರ್ಚಿಲ್ಲದೆಯೇ ಅಳತೆ ಎಂಟು ಪಟ್ಟು ಸುಧಾರಿಸುತ್ತದೆ.

ಇದಕ್ಕೆ ಎದ್ದೇಳುವ ಆಕ್ಷೇಪಗಳನ್ನು ಎದುರಿಸೋಣ. ವ್ಯಾಪಾರಕ್ಕೂ ಗುಣನಿಯಂತ್ರಣಕ್ಕೂ ಒಂದೇ ಸಂಖ್ಯೆ ಬೇಕು, ವಕ್ರರೇಖೆಗಳಿಂದ ಸರಕು ಸಾಗದು ಎಂಬುದು ಮೊದಲನೆಯದು. ಈ ಮಾತಿನಲ್ಲಿ ತಥ್ಯವಿದೆ. ತಳದಲ್ಲಿ ತೂತಿರುವ ಫೋರ್ಡ್ ಕಪ್ಪಿನಿಂದ ಬಣ್ಣ ಎಷ್ಟು ಸೆಕೆಂಡಿನಲ್ಲಿ ಖಾಲಿಯಾಯಿತೆಂದು ನೋಡಿ ಸಾವಿರಾರು ಘಟಕಗಳು ದಿನವೂ ಕೆಲಸ ನಡೆಸುತ್ತವೆ, ಮತ್ತು ನಿನ್ನೆಯ ಬಣ್ಣಕ್ಕೂ ಇಂದಿನ ಬಣ್ಣಕ್ಕೂ ವ್ಯತ್ಯಾಸವಿದೆಯೇ ಎಂದು ತಿಳಿಯಲು ಆ ಕಪ್ಪು ಚೆನ್ನಾಗಿಯೇ ನೆರವಾಗುತ್ತದೆ. ಉಷ್ಣತೆ ಒಂದೇ ಇರಬೇಕು, ಬಣ್ಣದ ಸೂತ್ರ ಬದಲಾಗಿರಬಾರದು, ಅಷ್ಟೇ ಷರತ್ತು. ಆದರೆ ಗೋಡೆಯ ಮೇಲೆ ಬಣ್ಣ ಇಳಿಜಾರುತ್ತದೆಯೇ, ಡಬ್ಬಿಯಲ್ಲಿ ಕಣಗಳು ತಳಕ್ಕೆ ಕೂರುತ್ತವೆಯೇ ಎಂಬ ಪ್ರಶ್ನೆಗಳನ್ನು ಆ ಕಪ್ಪಿಗೆ ಕೇಳಿದರೆ ಅದು ಉತ್ತರಿಸಲಾರದು, ಏಕೆಂದರೆ ಅವು ಅತಿ ಮಂದ ಹರಿವಿನ ಪ್ರಶ್ನೆಗಳು. ಹೋಲಿಕೆಗೆ ಒಂದು ಸಂಖ್ಯೆ ಸಾಕು, ಮುನ್ಸೂಚನೆಗೆ ಸಾಲದು. ಎರಡನ್ನೂ ಬೆರೆಸದಿದ್ದರೆ ಕಪ್ಪಿನ ಬಗ್ಗೆ ನನ್ನ ತಕರಾರಿಲ್ಲ.

ಹರಿವಿನ ಹಲವು ಗುಣಗಳನ್ನು ಅಳೆಯುವ ಒಂದು ಒಳ್ಳೆಯ ರಿಯೋಮೀಟರ್ ಕೊಂಡುಬಿಟ್ಟರೆ ಈ ಆಯ್ಕೆಯ ಗೊಂದಲವೇ ಇರುವುದಿಲ್ಲವಲ್ಲ ಎಂಬುದು ಎರಡನೆಯ ಆಕ್ಷೇಪ. ರಿಯೋಮೀಟರ್ ಬಹಳ ಸಮರ್ಥವಾದ ಉಪಕರಣ. ಬಿಗಿತವಿರುವ, ಕಾಲದೊಂದಿಗೆ ಬದಲಾಗುವ, ಸ್ವಲ್ಪ ಸ್ಥಿತಿಸ್ಥಾಪಕತ್ವವೂ ಇರುವ ದ್ರವಗಳನ್ನು ಅರಿಯಲು ಅದು ಬೇಕೇಬೇಕು. ಪಾಲಿಮರ್ ಬೆರೆಸಿದ ಬಿಟುಮೆನ್ನಿನ ಅಧ್ಯಯನ ಅದಿಲ್ಲದೆ ನಡೆಯದು. ಆದರೂ ನೀರಿನಷ್ಟು ತೆಳ್ಳಗಿನ ವಿಧೇಯ ದ್ರವದಲ್ಲಿ ಅದು ಗಾಜಿನ ಕೊಳವೆಯ ನಿಖರತೆಯನ್ನು ಮುಟ್ಟಲಾರದು, ಏಕೆಂದರೆ ಅಲ್ಲಿ ತಿರುಚುಬಲ ತೀರ ಕಡಿಮೆ, ಅಂತರದ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಬೇರಿಂಗಿನ 10 ಲಕ್ಷ ಶಿಯರ್ ದರವನ್ನು ಸಾಮಾನ್ಯ ರಿಯೋಮೀಟರ್ ತಲುಪುವುದಿಲ್ಲ. ಅದಕ್ಕೆ ಮೀಸಲಾದ ಉಪಕರಣ ಬೇರೆಯೇ ಇದೆ. ಮೇಲಾಗಿ ಅಂಥ ಯಂತ್ರ ಎಲ್ಲ ಪ್ರಶ್ನೆಗಳಿಗೂ ಯಾವುದೋ ಒಂದು ಅಂಕಿಯನ್ನು ಕೊಟ್ಟೇ ಕೊಡುತ್ತದೆ. ಕೇಳುವವನಿಗೆ ಪ್ರಶ್ನೆ ಸ್ಪಷ್ಟವಿಲ್ಲದಿದ್ದರೆ ದುಬಾರಿ ಯಂತ್ರದ ಅಂಕಿಗೆ ಸಿಗುವ ಗೌರವವೇ ಅಪಾಯಕಾರಿ.

ಮೂರನೆಯ ಆಕ್ಷೇಪ ಬಡ ಕಾಲೇಜುಗಳದು, ಸಣ್ಣ ಘಟಕಗಳದು: ನಮಗೆ ಇಷ್ಟೆಲ್ಲ ಎಲ್ಲಿಂದ? ಅವರಿಗೆ ನಾನು ಹೇಳುವುದು, ಈ ವಾದ ಹೆಚ್ಚು ಹಣವನ್ನು ಕೇಳುವುದಿಲ್ಲ, ಹೆಚ್ಚು ಗಮನವನ್ನು ಕೇಳುತ್ತದೆ. ಕಪ್ಪಿನ ಪಕ್ಕದಲ್ಲಿ ಒಂದು ಉಷ್ಣಮಾಪಕ ಇಡಬಹುದು. ಸ್ಪಿಂಡಲ್ ಉಪಕರಣವಿದ್ದರೆ ಒಂದು ವೇಗದ ಬದಲು ಎರಡು ವೇಗಗಳಲ್ಲಿ ಓದಬಹುದು. ಎರಡರಲ್ಲೂ ಒಂದೇ ಉತ್ತರ ಬಂದರೆ ದ್ರವ ಆ ಹರವಿನಲ್ಲಿ ವಿಧೇಯ, ಬರದಿದ್ದರೆ ಎಚ್ಚರಿಕೆಯ ಗಂಟೆ. ವರ್ಷಕ್ಕೊಮ್ಮೆಯಾದರೂ ಪ್ರಮಾಣಿತ ಎಣ್ಣೆಯಿಂದ ಉಪಕರಣವನ್ನು ಪರೀಕ್ಷಿಸಬಹುದು. ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಾದ ಸಿಎಫ್‌ಟಿಆರ್‌ಐನಂಥ ದೊಡ್ಡ ಪ್ರಯೋಗಾಲಯಗಳು ನಮ್ಮ ನಾಡಿನಲ್ಲೇ ಇವೆ. ಎಲ್ಲ ಉಪಕರಣಗಳನ್ನೂ ಎಲ್ಲರೂ ಕೊಳ್ಳಬೇಕಿಲ್ಲ, ಅಪರೂಪದ ಪ್ರಶ್ನೆಗಳನ್ನು ಹೊತ್ತು ಸರಿಯಾದ ಉಪಕರಣವಿರುವ ಕಡೆಗೆ ಹೋಗಬಹುದು. ಹೋಗುವಾಗ ಪ್ರಶ್ನೆ ಏನೆಂದು ಸ್ಪಷ್ಟವಿರಬೇಕು.

ಕೊನೆಯದಾಗಿ ಇಲ್ಲಿರುವ ಅಧ್ಯಾಪಕರಲ್ಲೂ ಕೈಗಾರಿಕೆಯ ಮಿತ್ರರಲ್ಲೂ ಒಂದು ವಿನಂತಿ. ನಮ್ಮ ಪ್ರಯೋಗ ಪುಸ್ತಕಗಳಲ್ಲಿ ಹರಳೆಣ್ಣೆಯ ಪ್ರಯೋಗದ ಪಕ್ಕದಲ್ಲೇ ಗಂಜಿಯ ಒಂದು ಪ್ರಯೋಗವೂ ಬರಲಿ. ಒಂದು ವಿಧೇಯ, ಇನ್ನೊಂದು ಅಲ್ಲ ಎಂಬುದನ್ನು ವಿದ್ಯಾರ್ಥಿ ತನ್ನ ಕೈಯಿಂದಲೇ ಕಂಡುಕೊಳ್ಳಲಿ. ಉತ್ತರದ ಜೊತೆಗೆ ಉಷ್ಣತೆಯನ್ನು ಬರೆಯದವನಿಗೆ ಪೂರ್ತಿ ಅಂಕ ಕೊಡಬೇಡಿ. ಕಾರ್ಖಾನೆಯಿಂದ ಹೊರಡುವ ಪ್ರತಿಯೊಂದು ವರದಿಯಲ್ಲಿ ಸ್ನಿಗ್ಧತೆಯ ಅಂಕಿಯ ಪಕ್ಕದಲ್ಲಿ ಉಷ್ಣತೆ, ಶಿಯರ್ ದರ ಅಥವಾ ಸ್ಪಿಂಡಲ್ ಮತ್ತು ವೇಗ, ಉಪಕರಣದ ಬಗೆ, ಮಾದರಿಯನ್ನು ಅಳತೆಗೆ ಮುಂಚೆ ಹೇಗೆ ಇಟ್ಟಿದ್ದರು ಎಂಬ ನಾಲ್ಕು ವಿವರಗಳಿರಲಿ. ಇವಿಲ್ಲದ ಅಂಕಿಯನ್ನು ಕೊಳ್ಳುವವರು ಒಪ್ಪದಿರಲಿ, ಮಾರುವವರು ಕೊಡದಿರಲಿ. ವಿಸ್ಕೋಮೀಟರ್ ಕೊಳ್ಳುವ ಮುನ್ನ ಬೆಲೆಪಟ್ಟಿಯನ್ನು ಬದಿಗಿಟ್ಟು, ಈ ದ್ರವ ಎಲ್ಲಿ, ಎಷ್ಟು ಬಿಸಿಯಲ್ಲಿ, ಎಷ್ಟು ರಭಸದಲ್ಲಿ ದುಡಿಯಬೇಕು ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ಹಾಳೆ ತುಂಬಿದ ಮೇಲೆ ಉಪಕರಣದ ಆಯ್ಕೆ ಕಷ್ಟವಾಗುವುದಿಲ್ಲ.